ಉಸುಕಿನ ಸಾಲು

ಮಸ್ಕಿಯ ಹಳ್ಳಕ್ಕೆ ನೀರಿಗೆ ಹೋದ ಹೆಂಗಸರೆಲ್ಲ ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದರೆ ರಾಜಾಬೀ ಒಬ್ಬಳು ತಲೆಯ ಮೇಲೆ ಕೊಡ, ಸೊಂಟದ ಮೇಲೆ ಉಸುಕಿನ ಬುಟ್ಟಿ ಇಟ್ಟುಕೊಂಡು ಬರುತ್ತಿದ್ದಳು. ಅವಳಿಗೆ ನೀರಿಗಿಂತ ಉಸುಕೇ ಹೆಚ್ಚಾಗಿತ್ತು ಅಂದರೂ ಸುಳ್ಳಲ್ಲ. ಹಳ್ಳ ಬತ್ತಿದಾಗ ಉಸುಕು ತೋಡಿ ಒರತಿ ಮಾಡುತ್ತಾರಲ್ಲ, ಆ ಒರತಿಯ ತಳದ ಉಸುಕು ರವೆಯ ಹಾಗೆ ಸಣ್ಣಗಿರುತ್ತದೆ, ಕಲ್ಲಿಲ್ಲ, ಮುಳ್ಳಿಲ್ಲ. ಅದನ್ನು ಬಗೆದು ತಂದು, ಮನೆಯ ಮುಂದೆ ಹಳೆಯ ಸೀರೆಯ ಮೇಲೆ ಒಣಗಿಸಿ, ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿ, ಮಗನ ಕೈಯಲ್ಲಿ ಶಾಲೆಗೆ ಕಳಿಸುತ್ತಿದ್ದಳು.

ಪಕ್ಕದ ಮನೆಯ ಪಂಪಮ್ಮನ ಬಾಯಿ ಸುಮ್ಮನಿರುವುದಲ್ಲ. "ಏನ್ ಬೇ ರಾಜಾಬಿ, ನಿನ್ನ ಮಗ ಶಾಲಿ ಕಲಿಯಾಕತ್ತಾನೋ, ಮನಿ ಕಟ್ಟಾಕತ್ತಾನೋ? ಎಷ್ಟಂತ ಉಸುಕು ಹೊರ್ತಿ!"

"ಮನೀನೇ ಕಟ್ಟಾಕತ್ತೀನಿ ಅನ್ಕೋ ಪಂಪಮ್ಮ. ನನ್ನ ಮಗ ಒಮ್ಮೆ ಆ ಸಾಲು ದಾಟ್ಲಿ. ನಿಮ್ಮ ಮನಿಗೇ ಮೊದಲ ಪುಠಾಣಿ ಬೆಲ್ಲ ತರ್ತೀನಿ."

ಸಾಲು ಅಂದರೆ ಏನೆಂದು ಹೇಳಬೇಕು. ಊರ ಹಳೆಯ ಚಾವಡಿಯೇ ಶಾಲೆ. ಇರುವುದು ಒಂದೇ ಕೋಣೆ, ಕರಿಬಸಪ್ಪ ಮಾಸ್ತರರು ಒಬ್ಬರೇ, ಮಕ್ಕಳು ಮಾತ್ರ ಸಂತೆಯಷ್ಟು. ಬಾಗಿಲ ಹತ್ತಿರ, ಗಾಳಿ, ಧೂಳು, ನಾಯಿ ಎಲ್ಲ ಮೊದಲು ಬಂದು ಮುಟ್ಟುವ ಕಡೆ, ಉಸುಕಿನ ಸಾಲು. ನೆಲದ ಉದ್ದಕ್ಕೂ ಉಸುಕು ಹರವಿ ಅದರಲ್ಲಿ ಬೆರಳಿನಿಂದ ಅಕ್ಷರ, ಕಾಗುಣಿತ ತಿದ್ದುವ ಸಣ್ಣವರು ಅಲ್ಲಿ. ನಡುವೆ ಪಾಟಿಯ ಸಾಲು, ಪದ ಮತ್ತು ಲೆಕ್ಕದವರದು. ಮಾಸ್ತರರ ಕುರ್ಚಿಯ ಮುಂದೆ ಬುಕ್ಕಿನ ಸಾಲು. ಮಾಸ್ತರರ ಬಾಯಿ ಬುಕ್ಕಿನ ಸಾಲಿಗೆ, ಕಣ್ಣು ಪಾಟಿಯ ಸಾಲಿಗೆ, ಬೆತ್ತ ಉಸುಕಿನ ಸಾಲಿಗೆ ಎಂದು ಊರವರು ನಗುತ್ತಿದ್ದರು. ನಗುವವರ ಮಕ್ಕಳು ಬುಕ್ಕಿನ ಸಾಲಿನಲ್ಲಿದ್ದರು ಅನ್ನುವುದು ಬೇರೆ ಮಾತು.

ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವುದಕ್ಕೆ ದಾಟುವುದು ಅನ್ನುತ್ತಿದ್ದರು. ದಸರೆಗೊಮ್ಮೆ, ಯುಗಾದಿಗೊಮ್ಮೆ ಮಾಸ್ತರರು ದಾಟಿಸುವರು. ದಾಟುವ ಮಗು ಉಸುಕನ್ನು ತುಳಿಯದ ಹಾಗೆ ಹಾರಿ ಆಚೆ ನಿಲ್ಲಬೇಕು. ಮನೆಯವರು ಪುಠಾಣಿ ಬೆಲ್ಲ ಹಂಚಬೇಕು. ಮೊದಲ ಹಿಡಿ ಮಾತ್ರ ಅಕ್ಷರ ಕಲಿಸಿದವರ ಕೈಗೆ.

ರಾಜಾಬೀಯ ಮಗ ಶಾವಲಿ ಉಸುಕಿನ ಸಾಲಿನಲ್ಲಿ ಕೂತರೆ ಅವನ ಮೊಣಕಾಲು ಪಕ್ಕದ ಮಕ್ಕಳ ಕಿವಿಗೆ ಬರುತ್ತಿತ್ತು. ಅಷ್ಟು ಎತ್ತರದ ಹುಡುಗ. ಅವನ ಅಪ್ಪ ದಾವಲಸಾಬ ಲಿಂಗಸುಗೂರಿನ ಕಚೇರಿಯಲ್ಲಿ ಚಪರಾಸಿಯಾಗಿದ್ದ. ಓದಲು ಬಾರದ ಕಾಗದಗಳನ್ನು ಮೇಜಿನಿಂದ ಮೇಜಿಗೆ ಹೊತ್ತು ಆಯುಷ್ಯ ಕಳೆದವನು. ನನ್ನ ಮಗ ಕಾಗದ ಹೊರುವವನಲ್ಲ, ಬರೆಯುವವನು ಆಗಬೇಕು ಎಂದು ಶಾವಲಿಯನ್ನು ಅಲ್ಲಿಯ ಉರ್ದು ಶಾಲೆಗೆ ಹಾಕಿದ್ದ. ಹುಡುಗ ಮೂರನೇ ಜಮಾತಿಗೇ ಹೋಟೆಲಿನ ಕಟ್ಟೆಯ ಮೇಲೆ ನಿಂತು ಪೇಪರು ಓದುತ್ತಿದ್ದ. ದೊಡ್ಡವರು ಚಹದ ಬಟ್ಟಲು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಆಮೇಲೆ ನಿಜಾಮನ ಸರಕಾರ ಬಿತ್ತು. ಆ ಗದ್ದಲದ ದಿನಗಳಲ್ಲಿ ಕಚೇರಿಗೆ ಹೋದ ದಾವಲಸಾಬ ಮನೆಗೆ ಬರಲಿಲ್ಲ. ಎಲ್ಲಿ ಹೋದ, ಏನಾದ ಎಂದು ಯಾರೂ ಬಾಯಿ ಬಿಡಲಿಲ್ಲ, ಕೊನೆಗೆ ರಾಜಾಬೀಯೂ ಕೇಳುವುದನ್ನು ಬಿಟ್ಟಳು. ಮಗನ ಕೈ ಹಿಡಿದು ಮಸ್ಕಿಗೆ, ಸತ್ತ ತಾಯಿಯ ಮನೆಗೆ ಬಂದು, ಊರವರ ಹರಕು ಸೀರೆಗಳನ್ನು ಕೌದಿ ಹೊಲಿದು ಕೊಡುತ್ತ ಹೊಟ್ಟೆ ಹೊರೆದಳು. ಶಾವಲಿ ಊರವರ ಆಡು ಕಾಯ್ದ.

ಆಡು ಕಾಯುವುದನ್ನು ಬಿಡಿಸಿ ಅವಳು ಅವನನ್ನು ಚಾವಡಿಗೆ ಕರೆತಂದ ದಿನ ಕರಿಬಸಪ್ಪ ಮಾಸ್ತರರು ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಯಾವ ಜಮಾತ್ ಆಗೈತಿ?"

"ಮೂರನೇದು ಪಾಸಾಗೀನ್ರಿ. ಉರ್ದುದಾಗ."

"ಕನ್ನಡ ಅಕ್ಷರ ಬರ್ತಾವು?"

"ಇಲ್ರಿ. ಮಾತಾಡಾಕ ಬರ್ತೈತ್ರಿ."

"ಮಾತು ಎಮ್ಮಿ ಕಾಯೋರಿಗೂ ಬರ್ತೈತಿ. ಹೋಗು, ಉಸುಕಿನ್ಯಾಗ ಕುಂದ್ರು."

ಮಾಸ್ತರರು ಕೆಟ್ಟವರಲ್ಲ. ಅವರೂ ಉರ್ದುವಿನಲ್ಲಿ ಓದಿ ಬಂದವರೇ, ಸರಕಾರ ಬದಲಾದ ಮೇಲೆ ಕನ್ನಡಕ್ಕೆ ತಿರುಗಿದವರು. ನಾಳೆಯ ಕನ್ನಡ ಪಾಠವನ್ನು ಇವತ್ತು ಸಂಜೆ ಕಟ್ಟೆಯ ಮೇಲೆ ಕೂತು ತುಟಿ ಆಡಿಸುತ್ತ ತಾವೇ ಕಲಿಯುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರ ಸಾಹೇಬರು ಬಂದು, ನೋಡಿ, ಒಳ್ಳೆಯ ಮಾತು ಹೇಳಿ ಹೋದರೆ ಆದೀತು ಅನ್ನುವ ಹಾಗಿತ್ತು. ಅಕ್ಷರ ಬಾರದವನನ್ನು ಉಸುಕಿನಲ್ಲಿ ಕೂರಿಸದೆ ಎಲ್ಲಿ ಕೂರಿಸುತ್ತಾರೆ? ಶಾವಲಿಗೆ ಬರುತ್ತಿದ್ದ ಲೆಕ್ಕ, ಮಗ್ಗಿ, ಪೇಪರು ಓದುವ ನಾಲಿಗೆ ಇವುಗಳನ್ನು ಏನು ಮಾಡಬೇಕು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಲು ಪುರಸೊತ್ತೂ ಇರಲಿಲ್ಲ.

ಅದೇ ವಾರ ರಾಜಾಬೀಯ ಅಣ್ಣ ಖಾಜಾಸಾಬ ತುರ್ವಿಹಾಳದ ಕಡೆಯಿಂದ ಬಂದ. ಸಿಂಧನೂರಿನ ಹತ್ತಿರ ಹೊಸ ಕಾಲುವೆ ತೋಡುವ ಕೆಲಸದಲ್ಲಿ ಆಳುಗಳ ಮೇಲೆ ಮುಕದ್ದಮನಾಗಿದ್ದ. ತಂಗಿಯ ಮನೆಗೆ ಜೋಳ ಹಾಕುತ್ತಿದ್ದವನು ಅವನೇ, ಆದ್ದರಿಂದ ಅವನ ಮಾತಿಗೆ ತೂಕವಿತ್ತು.

"ನೋಡವ್ವ, ಹುಡುಗ ಉದ್ದ ಬೆಳದಾನ. ಅಲ್ಲಿ ಇವನಷ್ಟು ಹುಡುಗ್ರು ಮಣ್ಣು ಹೊತ್ತು ತಾಯಂದ್ರನ್ನ ಸಾಕ್ತಾರ. ನೀ ಓದಸ್ತೀನಿ ಅಂತೀದಿ. ಓದ್ಸು. ಬರೋ ಯುಗಾದಿಗೆ ಬುಕ್ಕಿನ ಸಾಲಿನ್ಯಾಗ ಇದ್ರ ನಾ ಸುಮ್ನ ಜೋಳ ಹಾಕ್ತೀನಿ. ಉಸುಕಿನ್ಯಾಗ ಇದ್ರ ನನ್ನ ಜೋಡಿ ಕಳಿಸ್ಬಿಡು. ಆಣಿ ಮಾಡು."

ರಾಜಾಬೀ ಆಣೆ ಮಾಡಿದಳು. ಮಗನ ತಲೆ ಮುಟ್ಟಿಯೇ ಮಾಡಿದಳು. ಮೂರನೇ ಜಮಾತು ಪಾಸಾದ ಹುಡುಗನಿಗೆ ಉಸುಕು ದಾಟುವುದು ಏನು ಮಹಾ ಎಂದು ಅವಳ ಧೈರ್ಯ.

ಉಸುಕು ಹೊರುವ ಯೋಚನೆ ಅವಳದೇ. ಶಾಲೆಯ ಉಸುಕು ಎಲ್ಲಿಂದಲೋ ಬಂದದ್ದು, ಜಾಲಿ ಮುಳ್ಳು, ಗಾಜಿನ ಚೂರು, ಆಡಿನ ಹಿಕ್ಕೆ ಎಲ್ಲ ಅದರಲ್ಲೇ. ಮೊದಲ ದಿನವೇ ಶಾವಲಿಯ ಬೆರಳು ಕೊಯ್ದು ರಕ್ತ ಬಂದಿತ್ತು. ಮಾಸ್ತರರಿಗೆ ಹಾಲು ಮೊಸರು ಕೊಡಲು ಅವಳಲ್ಲಿ ಎಮ್ಮೆ ಇಲ್ಲ. ಕೌದಿ ಹೊಲಿದು ಕೊಡಲು ಬಟ್ಟೆ ಇಲ್ಲ. ಹಳ್ಳದ ಉಸುಕು ಇದೆ, ರಟ್ಟೆ ಇದೆ. ಒಳ್ಳೆಯ ಉಸುಕು ಹಾಕಿದರೆ ಅಕ್ಷರ ಚಂದ ಮೂಡುತ್ತವೆ, ಮಾಸ್ತರರ ಕಣ್ಣು ಮಗನ ಮೇಲೆ ಬೀಳುತ್ತದೆ ಎಂದು ಅವಳ ಲೆಕ್ಕ.

ಕಣ್ಣು ಬಿತ್ತು ಕೂಡ. "ಯಾರಲೇ ಇದನ್ನ ತಂದೋರು? ಬೆಣ್ಣಿ ಇದ್ದಂಗ ಐತಲ್ಲೋ!" ಎಂದು ಮಾಸ್ತರರು ತಾವೇ ಬಗ್ಗಿ ಬೆರಳಾಡಿಸಿ ನೋಡಿದರಂತೆ. ಶಾವಲಿ ಬಂದು ಹೇಳಿದಾಗ ರಾಜಾಬೀಗೆ ಅನ್ನ ಉಂಡಷ್ಟು ಸಂತೋಷವಾಯಿತು. ಮರುದಿನ ಬುಟ್ಟಿಯನ್ನು ಇನ್ನಷ್ಟು ತುಂಬಿದಳು.

ಹುಡುಗ ಮಳೆಗಾಲ ಮುಗಿಯುವುದರೊಳಗೆ ಅಕ್ಷರವನ್ನೆಲ್ಲ ನುಂಗಿದ. ಕಾಗುಣಿತ, ಒತ್ತಕ್ಷರ ಒಂದನ್ನೂ ಬಿಡಲಿಲ್ಲ. ಆಮೇಲೆ ಮಾಡಲು ಕೆಲಸವಿಲ್ಲದೆ ಪಕ್ಕದವರ ಬೆರಳು ಹಿಡಿದು ತಿದ್ದಿಸತೊಡಗಿದ. ಪಂಪಮ್ಮನ ಮಗಳು ಬಸವಣ್ಣೆಮ್ಮ ಹಲ್ಲು ಬಿದ್ದ ಬಾಯಿಯ ಪುಟ್ಟ ಹುಡುಗಿ, ಮಾಸ್ತರರನ್ನು ಕಂಡರೆ ಲಂಗದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದವಳು, ಶಾವಲಿಯ ತೊಡೆಗೆ ಆತು ಕೂತು ಕಕ ತಲಕಟ್ಟು ಕ ಎಂದು ಹಾಡತೊಡಗಿದಳು. ಅವನು ಒಂದು ಅಂದರೆ ಸಾಲಿಗೆ ಸಾಲೇ ಅದನ್ನು ತಿರುಗಿ ಅನ್ನುತ್ತಿತ್ತು. ಬಾಗಿಲ ಕಡೆಯ ಅಳು, ಗದ್ದಲ, ಜಗಳ ನಿಂತೇಹೋಯಿತು. ಮಾಸ್ತರರು ಆ ಕಡೆ ಬೆತ್ತ ತೋರಿಸುವುದನ್ನೂ ಬಿಟ್ಟು, ಕುರ್ಚಿಯನ್ನು ಬುಕ್ಕಿನ ಸಾಲಿನ ಕಡೆ ಪೂರ್ತಿ ತಿರುಗಿಸಿಕೊಂಡರು.

ಆ ವರ್ಷ ಮೊಹರಮಿನ ಅಲಾಯಿಯೂ ದಸರೆಯೂ ಒಟ್ಟಿಗೇ ಬಂದವು. ದಾಟುವ ದಿನ ರಾಜಾಬೀ ಪುಠಾಣಿ ಬೆಲ್ಲವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಚಾವಡಿಯ ಬಾಗಿಲಲ್ಲಿ ನಿಂತಳು. ಮಾಸ್ತರರು ಹೆಸರು ಕರೆದರು. ಶಾವಲಿ ಬೆರಳು ಹಿಡಿದು ತಿದ್ದಿಸಿದ ಹುಡುಗರು ಒಬ್ಬೊಬ್ಬರಾಗಿ ಉಸುಕು ಹಾರಿ ಆಚೆ ನಿಂತು ಕಿಸಕ್ಕೆಂದರು. ಶಾವಲಿಯ ಹೆಸರು ಬರಲಿಲ್ಲ. ಅವನು ನೆಲ ನೋಡುತ್ತ ಕೂತಿದ್ದ.

ಮಕ್ಕಳು ಹೋದ ಮೇಲೆ ಅವಳು ಮಾಸ್ತರರ ಮುಂದೆ ಕೈ ಮುಗಿದು ನಿಂತಳು.

"ಮಾಸ್ತರ್ರೇ, ನನ್ನ ಹುಡುಗಗ ಅಕ್ಷರ ಬರಂಗಿಲ್ಲೇನ್ರಿ?"

"ಬರಂಗಿಲ್ಲ ಅಂದೋರ್ಯಾರು ರಾಜಾಬಿ? ನನಗಿಂತ ಚಂದ ಬರ್ತಾವು."

"ಮತ್ತ ಯಾಕ ದಾಟಸ್ಲಿಲ್ರಿ?"

ಮಾಸ್ತರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಹೊಸಾ ಹುಡುಗ್ರು ಬರಾಕತ್ತಾರ. ಅವನ್ನ ಈ ಕಡಿ ಎಳಕೊಂಡ್ರ ಆ ಕಡಿ ಯಾರು ನೋಡ್ತಾರ ಹೇಳು? ನಾ ಒಬ್ಬ. ಯುಗಾದಿಗಿಂತ ಮೊದಲ ಇನ್ಸ್‌ಪೆಕ್ಟರ ಸಾಹೇಬ್ರು ಬರ್ತಾರ. ಶಾವಲೀನ್ನ ಅವರ ಮುಂದ ನಿಂದ್ರಸ್ತೀನಿ. ಅವರ ಬಾಯಿಂದ ದಾಟಿಸೋಣು, ಒಮ್ಮೆಲೇ ಬುಕ್ಕಿಗೆ. ಮತ್ತ... ಉಸುಕು ಮಾತ್ರ ನಿಲ್ಲಸ್ಬ್ಯಾಡವ್ವ. ಅದೊಂದು ನಮ್ಮ ಶಾಲಿ ಮಾನ."

ಒಮ್ಮೆಲೇ ಬುಕ್ಕಿಗೆ! ರಾಜಾಬೀ ಆ ಮಾತನ್ನು ಸೆರಗಿನ ಗಂಟಿನ ಜೊತೆ ಮನೆಗೆ ತಂದಳು. ಅಲ್ಲೇ ಕೂತು ಅತ್ತು ಜಗಳ ಮಾಡಿದ್ದರೆ ಏನಾಗುತ್ತಿತ್ತೋ. ಆದರೆ ಅವಳಿಗೆ ಹೊಳೆದದ್ದು ಬೇರೆ. ಉಸುಕು ಸಾಲದಾಗಿರಬೇಕು, ಇನ್ನೂ ಚಂದ ಮಾಡಬೇಕು. ಒರತಿಯ ಉಸುಕನ್ನು ಎರಡು ಸಲ ತೊಳೆದು, ಎರಡು ಸಲ ಸಾಣಿಸಿ, ಇನ್ನೊಂದು ಬುಟ್ಟಿ ಹೆಚ್ಚು ಹೊತ್ತಳು. ಸೊಂಟದ ಮೇಲೆ ಬುಟ್ಟಿಯ ಅಂಚು ಒತ್ತಿ ಒತ್ತಿ ಕಪ್ಪು ಕಟ್ಟಿತು.

ಚಳಿಗಾಲ ಬಂತು. ಹುಡುಗ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದ. ಆಡಿದರೂ ಸಣ್ಣ ಮಕ್ಕಳ ಹಾಗೆ ರಾಗ ಎಳೆದು ಆಡುತ್ತಿದ್ದ. ಒಂದು ಸಂಜೆ ಬೆಲ್ಲ ಕಟ್ಟಿಕೊಟ್ಟ ಉರ್ದು ಪೇಪರಿನ ತುಂಡು ಅವಳ ಕೈಗೆ ಸಿಕ್ಕಿತು. ಹೋಟೆಲಿನ ಕಟ್ಟೆ ನೆನಪಾಗಿ, "ಓದೋ ಬೇಟಾ, ನಿಮ್ಮಪ್ಪಗ ಓದ್ತಿದ್ದೆಲ್ಲ ಹಂಗ," ಅಂದಳು. ಶಾವಲಿ ದೀಪದ ಹತ್ತಿರ ಹಿಡಿದ. ಎರಡು ಮಾತು ಓದಿದ, ನಿಂತ. ಮತ್ತೆ ಮೊದಲಿಂದ ಓದಿದ, ನಿಂತ.

"ಮರತೀ ಏನೋ?"

ಅವಳು ಮಗ್ಗಿ ಕೇಳಿದಳು. ಹಿಂದೆ ನೀರು ಕುಡಿದ ಹಾಗೆ ಹೇಳುತ್ತಿದ್ದವನು ಏಳರ ಮಗ್ಗಿಯಲ್ಲೇ ಎಡವಿದ.

"ಹೋಗ್ಲಿ ಬಿಡು. ಕನ್ನಡಾರ ಓದ್ತೀಯಲ್ಲ? ಪಂಪಮ್ಮನ ಮನ್ಯಾಗಿನ ಬುಕ್ಕು ತರ್ಲೇನು?"

"ಅಮ್ಮೀ, ನಂಗ ಅಕ್ಷರ ಬರ್ತಾವು. ಅಕ್ಷರ ಕೂಡಿಸಿ ಮಾತು ಓದೋದು ಪಾಟಿ ಸಾಲಿನ್ಯಾಗ ಹೇಳ್ಕೊಡ್ತಾರ. ಆ ಕಡೀದು ನಂಗ ಕೇಳ್ಸಂಗಿಲ್ಲ, ನಾ ಈ ಸಣ್ಣೋರ ಬಾಯಿ ತೆಗಸ್ತಾ ಇರ್ತೀನಿ." ಪೇಪರಿನ ತುಂಡನ್ನು ಮಡಿಸುತ್ತ ಅಂದ, "ನಾ ದಡ್ಡ ಆಗೀನೇನಮ್ಮೀ?"

ರಾಜಾಬೀ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಇಲ್ಲ ಮಗನೇ, ನೀನು ದಡ್ಡನಲ್ಲ ಎಂದು ನೂರು ಸಲ ಹೇಳಿದಳು. ಹೇಳುತ್ತಿದ್ದಾಗಲೇ ಭಯ ಹತ್ತಿತು. ಗಂಡ ಹೋದಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ, ಏಕೆಂದರೆ ಆಗ ಮಗ ಇದ್ದ. ಈಗ ಆ ಮಗನೇ ಕಣ್ಣೆದುರಿಗೆ ದಿನಕ್ಕಿಷ್ಟು ಸವೆಯುತ್ತಿದ್ದ, ತಾನು ನೋಡುತ್ತ ಕೂತಿದ್ದೇನೆ ಅನ್ನಿಸಿತು. ಮರುದಿನ ಮಾಸ್ತರರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ಅತ್ತಳು, ಮಾಸ್ತರರ ಕಾಲಿಗೂ ಬಿದ್ದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, "ಇನ್ಸ್‌ಪೆಕ್ಟರ ಸಾಹೇಬ್ರು ಬರ್ಲಿ, ಬರ್ಲಿ," ಎಂದರು. ಬೇರೆ ಮಾತೇ ಇಲ್ಲ.

ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಖಾಜಾಸಾಬ ಬಂದ. ಜೋಳದ ಚೀಲ ಇಳಿಸಿ ಮೊದಲು ಕೇಳಿದ್ದೇ, "ಬುಕ್ಕು ಬಂತೇನು?"

"ಇನ್ಸ್‌ಪೆಕ್ಟರ ಸಾಹೇಬ್ರು ಈ ವಾರ ಬರ್ತಾರಂತ ಭಾಯಿ. ಅವರ ಬಾಯಿಂದ ದಾಟ್ತಾನ. ಮಾಸ್ತರ್ರು ಮಾತು ಕೊಟ್ಟಾರ."

"ಬರ್ಲಿ. ನಾ ಇಲ್ಲೇ ಇರ್ತೀನಿ ಅಲ್ಲೀತನಕ."

ಇನ್ಸ್‌ಪೆಕ್ಟರ ಸಾಹೇಬರು ಬರುವ ದಿನ ಶಾಲೆಗೆ ಸುಣ್ಣ, ಬಾಗಿಲಿಗೆ ತೋರಣ. ಹೊಸ ಉಸುಕನ್ನು ರಾಜಾಬೀಯೇ ತಂದು ಹರವಬೇಕೆಂದು ಮಾಸ್ತರರು ಹೇಳಿಕಳಿಸಿದ್ದರು. ಅವಳು ತಲೆ ಬಾಚಿ, ಇದ್ದುದರಲ್ಲೇ ನೆಟ್ಟಗಿನ ಸೀರೆ ಉಟ್ಟು, ಸೆರಗಿನಲ್ಲಿ ಮತ್ತೆ ಪುಠಾಣಿ ಬೆಲ್ಲ ಗಂಟು ಹಾಕಿಕೊಂಡು ಬಂದಳು. ಅಂಗೈಯಿಂದ ಸವರಿ ಸವರಿ ಉಸುಕನ್ನು ಸಮ ಮಾಡಿದಳು. ಅದು ಬಿಸಿಲಿಗೆ ಮಿಣಮಿಣ ಮಿಂಚಿತು. ಆಮೇಲೆ ಬಾಗಿಲ ಹೊರಗೆ ಖಾಲಿ ಬುಟ್ಟಿ ಹಿಡಿದು ನಿಂತಳು.

ಸಾಹೇಬರು ಲಿಂಗಸುಗೂರಿನಿಂದ ಜೀಪಿನಲ್ಲಿ ಬಂದರು. ಕೋಟು ತೊಟ್ಟ ಮೆತ್ತಗಿನ ಮನುಷ್ಯ, ಮಕ್ಕಳನ್ನು ಕಂಡರೆ ಪ್ರೀತಿ ಇದ್ದವರು. ಗುಡ್ಡದ ಮೇಲಿನ ಕಲ್ಲಿನ ಶಾಸನ ನೋಡಿ ಹೊತ್ತು ಮುಳುಗುವುದರೊಳಗೆ ತಿರುಗಿ ಹೋಗಬೇಕು ಎಂದು ಬಂದ ಕೂಡಲೇ ಅಂದರು. ಬುಕ್ಕಿನ ಸಾಲಿಗೆ ಒಂದು ಪದ್ಯ ಕೇಳಿದರು, ಪಾಟಿಯ ಸಾಲಿಗೆ ಒಂದು ಲೆಕ್ಕ ಹೇಳಿದರು. ಎರಡೂ ಹೇಗೋ ಹಾಗೆ ಆದವು. ಬಾಗಿಲ ಕಡೆ ತಿರುಗಿದವರು ಅಲ್ಲೇ ನಿಂತುಬಿಟ್ಟರು. ಉಸುಕಿನ ಸಾಲಿನ ಮಕ್ಕಳು ಒಂದೇ ರಾಗದಲ್ಲಿ ಕಾಗುಣಿತ ಹೇಳುತ್ತ, ಒಂದೇ ಸಲ ಬೆರಳು ಎತ್ತಿ, ಒಂದೇ ಸಲ ಬೆರಳು ಇಳಿಸಿ ಬರೆಯುತ್ತಿದ್ದರು. ಬೇರೆ ಊರಿನಲ್ಲಿ ಆ ವಯಸ್ಸಿನವರು ಮೂಗು ಸುರಿಸುತ್ತ ಕೂತಿರುವುದನ್ನು ಕಂಡವರು ಅವರು.

"ಇವರಿಗೆ ಯಾರು ಕಲಿಸ್ತಾರೆ?"

ಮಾಸ್ತರರ ಮುಖ ಅರಳಿತು. "ಇವನ್ರಿ, ಶಾವಲಿ. ಈ ಉಸುಕು ಇವನ ತಾಯಿ ತರ್ತಾಳ್ರಿ. ನನಗ ಆ ಕಡೀ ಚಿಂತೀನ ಇಲ್ರಿ."

ಬಂತು, ಈಗ ಬಂತು ಎಂದು ರಾಜಾಬೀ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದಳು. ಸಾಹೇಬರು ಬುಕ್ಕಿನ ಸಾಲಿನಿಂದ ಒಂದು ಪುಸ್ತಕ ತರಿಸಿ ಶಾವಲಿಯ ಕೈಗೆ ಕೊಟ್ಟರು.

"ಓದಪ್ಪ, ನೋಡೋಣ."

ಶಾವಲಿ ಎದ್ದು ನಿಂತ. ಸಾಲಿನ ಮೇಲೆ ಬೆರಳಿಟ್ಟ. ಓದಬೇಕೆಂದು ಬಾಯಿ ತೆಗೆದ. ಬಂದದ್ದು ಆ ವರ್ಷವೆಲ್ಲ ಅವನ ಬಾಯಲ್ಲಿ ಕೂತದ್ದೇ.

"ಕಕ ಏತ್ವ ಕೆ..."

"ಕಕ ಏತ್ವ ಕೆ!" ಎಂದು ಉಸುಕಿನ ಸಾಲು ಒಂದೇ ಬಾಯಲ್ಲಿ ಕೂಗಿತು.

ಶಾವಲಿ ಬೆಚ್ಚಿ ನೋಡಿದ. ಮತ್ತೆ ಪುಸ್ತಕಕ್ಕೆ ಬಗ್ಗಿದ. "ರಕ ಏತ್ವ ರೆ..."

"ರಕ ಏತ್ವ ರೆ!" ಬಸವಣ್ಣೆಮ್ಮ ಎಲ್ಲರಿಗಿಂತ ಜೋರಾಗಿ ಕೂಗಿದಳು, ಶಾವಲಿ ಅಣ್ಣನ ಕಡೆ ನೋಡಿ ನಕ್ಕಳು.

ಕೆರೆ ಅನ್ನು, ಮಗನೇ, ಕೆರೆ ಅನ್ನು. ರಾಜಾಬೀಗೆ ಓದು ಬರದಿದ್ದರೂ ಕಿವಿ ಇತ್ತು, ಎರಡೂ ಸೇರಿಸಿದರೆ ಏನಾಗುತ್ತದೆಂದು ಹೊರಗೆ ನಿಂತ ಅವಳಿಗೇ ತಿಳಿಯಿತು. ಹುಡುಗನಿಗೆ ತಿಳಿಯಲಿಲ್ಲ. ಅವನು ಒಂದೊಂದೇ ಅಕ್ಷರ ಕಿತ್ತು ಹೇಳಿದ, ಮಕ್ಕಳು ಒಂದೊಂದನ್ನೇ ತಿರುಗಿ ಕೂಗಿದರು. ಅವನ ಹಣೆಯ ಬೆವರು ಪುಸ್ತಕದ ಮೇಲೆ ಬಿತ್ತು. ಸಾಹೇಬರಿಗೆ ಅದು ಮಕ್ಕಳಿಗೆ ಹೇಳಿಕೊಡುವ ಪಾಠದ ಹಾಗೆ ಕಂಡಿತು. ಅದು ಓದಲ್ಲ ಎಂದು ಅಲ್ಲಿ ಸಂಕಟಪಟ್ಟವರು ಇಬ್ಬರೇ, ತಾಯಿ ಮತ್ತು ಮಗ.

ಸಾಹೇಬರು ಚಪ್ಪಾಳೆ ತಟ್ಟಿ ನಕ್ಕರು. "ಶಾಬಾಸ್! ಎಂಥ ಶಿಸ್ತು! ಕರಿಬಸಪ್ಪನವರೇ, ಈ ಹುಡುಗ ಈ ಸಾಲಿಗೇ ತಕ್ಕವನು. ಇವನನ್ನ ಕದಲಿಸಬೇಡಿ. ಇನ್ನೊಂದೆರಡು ವರ್ಷ ಇಲ್ಲೇ ಇರಲಿ. ಪ್ರತಿ ಶಾಲೆಯಲ್ಲೂ ಹೀಗೆ ಒಬ್ಬ ಇರಬೇಕು ಅಂತ ನಾನು ಮೇಲಿನವರಿಗೆ ತಿಳಿಸ್ತೀನಿ. ನಿಮ್ಮ ಕೆಲಸವೂ ಕಾಯಂ ಆಗುತ್ತೆ, ಚಿಂತೆ ಬೇಡ." ಹೊರಗೆ ಬರುತ್ತ ರಾಜಾಬೀಯನ್ನು ಕಂಡು ನಿಂತು ಕೈ ಮುಗಿದರು. "ತಾಯಿ, ನಿಮ್ಮಂಥವರಿಂದಲೇ ಶಾಲೆ ನಡೆಯೋದು. ಉಸುಕು ಬಹಳ ಚೆನ್ನಾಗಿದೆ."

ಅವರ ಕೈ ಇನ್ನೂ ಮುಗಿದಿದ್ದಾಗಲೇ ಅವಳಿಗೆ ಎಲ್ಲ ಬೆಳಕಾಯಿತು. ಮಾಸ್ತರರಿಗೆ ಬಾಗಿಲ ಕಡೆಯ ಚಿಂತೆ ಇರದಂತೆ ಮಾಡಿದ್ದು ಯಾರು? ಉಸುಕನ್ನು ಬೆಣ್ಣೆ ಮಾಡಿ, ಮಗನನ್ನು ಅದರಲ್ಲಿ ಕುತ್ತಿಗೆಯವರೆಗೆ ಹೂತವಳು ತಾನೇ.

"ಸಾಬ್, ನನ್ನ ಮಗನ್ನ ದಾಟಿಸ್ರಿ!" ಅವಳು ಜೀಪಿನ ಹಿಂದೆ ಓಡಿದಳು. "ಅವಗ ಅಕ್ಷರ ಬರ್ತಾವ್ರಿ, ಮಾತು ಕಲಿಸ್ರಿ! ಈ ಯುಗಾದಿಗೆ ದಾಟ್ಲಿಲ್ಲಂದ್ರ ಕಾಲುವಿಗೆ ಹೋಗ್ತಾನ್ರಿ! ನಾ ಆಣಿ ಮಾಡೀನ್ರಿ!"

ಸಾಹೇಬರು ಜೀಪಿನಿಂದ ತಲೆ ಹೊರಹಾಕಿ, "ಮುಂದಿನ ವರ್ಷ ನೋಡೋಣಮ್ಮ," ಎಂದು ಮೆಲ್ಲಗೆ ಹೇಳಿದರು. ಜೀಪು ಗುಡ್ಡದ ದಾರಿ ಹಿಡಿಯಿತು.

ರಾಜಾಬೀ ತಿರುಗಿ ಬಂದು ನೇರ ಒಳಗೆ ಹೊಕ್ಕಳು. ಮಂಡಿಯೂರಿ ಎರಡೂ ಕೈಯಿಂದ ಉಸುಕನ್ನು ಬಾಚಿ ಬುಟ್ಟಿಗೆ ತುಂಬತೊಡಗಿದಳು. ಬರೆದ ಅಕ್ಷರ ಅಳಿಸಿಹೋದವೆಂದು ಸಣ್ಣ ಮಕ್ಕಳು ಅಳತೊಡಗಿದವು. ಮಾಸ್ತರರು ದೂರ ನಿಂತು, "ಏನ್ ಮಾಡ್ಲಿ ತಾಯಿ, ನಂದೂ ಹೊಟ್ಟಿ ಐತಿ," ಎಂದು ಯಾರಿಗೂ ಕೇಳದ ಹಾಗೆ ಅಂದರು. ಶಾವಲಿ ಅವಳ ಪಕ್ಕದಲ್ಲಿ ಕೂತು ಅವಳ ಮುಂಗೈ ಹಿಡಿದುಕೊಂಡ.

"ಬ್ಯಾಡಮ್ಮೀ. ಅವರು ಇನ್ನೂ ಬರಿಯಾಕತ್ತಾರ."

ಅವಳು ಬುಟ್ಟಿಗೆ ತುಂಬಿದ್ದನ್ನು ಅಲ್ಲೇ ಸುರಿದು ಎದ್ದಳು.

ಖಾಜಾಸಾಬ ಬೈಯಲಿಲ್ಲ, ಆಡಿಕೊಳ್ಳಲೂ ಇಲ್ಲ. ಸಿಂಧನೂರಿಗೆ ಹೋಗುವ ಬಂಡಿ ಗೊತ್ತು ಮಾಡಿ ಬಂದು, ಹೊಸಿಲಲ್ಲಿ ಕೂತು ಬೀಡಿ ಹಚ್ಚಿ, "ಬುಟ್ಟಿ ಐತೇನವ್ವ?" ಎಂದು ಕೇಳಿದ. "ಅಲ್ಲಿ ಅವರವರ ಬುಟ್ಟಿ ಅವರವರೇ ತರಬೇಕು."

ಶಾವಲಿಯೇ ಎದ್ದು ಹೋಗಿ ಮೂಲೆಯಿಂದ ಬುಟ್ಟಿ ತಂದ. ಅಂಗಳದಲ್ಲಿ ಬೋರಲು ಹಾಕಿ ತಟ್ಟಿದ. ಹೆಣಿಗೆಯ ಸಂದಿಯಲ್ಲಿದ್ದ ಸಣ್ಣ ಉಸುಕು ಬಿತ್ತು. ಇನ್ನೂ ತಟ್ಟಿದ.

"ಮಾಮೂ, ಅಲ್ಲಿ ನನ್ನಷ್ಟು ಹುಡುಗ್ರು ಅದಾರೇನ್ರಿ?"

"ನಿನ್ನಷ್ಟೂ ಅದಾರ, ನಿನಗಿಂತ ದೊಡ್ಡೋರೂ ಅದಾರ."

"ಹಂಗಾರ ಛಲೋ ಆತು," ಎಂದ ಹುಡುಗ. ಆ ಮಾತಿಗೆ ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ಅವನು ಬಂಡಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಊರು ದಾಟುವವರೆಗೂ ಹಿಂದಕ್ಕೆ ತಿರುಗಿ ಕೈ ಬೀಸಿದ.

ಯುಗಾದಿ ಆಯಿತು. ದಾಟುವ ದಿನ ರಾಜಾಬೀ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳು. ಚಾವಡಿಯ ಕಡೆಯಿಂದ ಮಕ್ಕಳ ಕೇಕೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಸವಣ್ಣೆಮ್ಮ. ಅವಳ ಹಿಂದೆ ಉಸುಕಿನ ಸಾಲಿಗೆ ಸಾಲೇ ನಿಂತಿತ್ತು, ಎಲ್ಲರ ಮುಷ್ಟಿಯಲ್ಲಿ ಪುಠಾಣಿ ಬೆಲ್ಲ.

"ನಾವೆಲ್ಲ ದಾಟಿದ್ವಿ," ಅಂದಳು ಹುಡುಗಿ. "ಮೊದಲ ಹಿಡಿ ಮಾಸ್ತರ್ರಿಗೆ ಕೊಡು ಅಂದ್ಳು ನಮ್ಮವ್ವ. ನಾ ಒಲ್ಲೆ ಅಂದೆ. ಕಲಿಸ್ದಾವ ಶಾವಲಿ ಅಣ್ಣ. ಅವಗ ಕೊಡ್ರಿ."

ರಾಜಾಬೀ ಸೆರಗು ಚಾಚಿದಳು. ಒಂದರ ಹಿಂದೆ ಒಂದು ಪುಟ್ಟ ಮುಷ್ಟಿಗಳು ಅದರಲ್ಲಿ ಬಿಚ್ಚಿಕೊಂಡವು. ಬೆವರಿಗೆ ಅಂಟಿದ ಬೆಲ್ಲವನ್ನು ಕೆಲವರು ಅಂಗೈ ಉಜ್ಜಿ ಬೀಳಿಸಿದರು. ಸೆರಗು ಭಾರವಾಯಿತು. ಅಷ್ಟು ಪುಠಾಣಿ ಬೆಲ್ಲ ಆ ಮನೆಗೆ ಯಾವತ್ತೂ ಬಂದಿರಲಿಲ್ಲ.

ಮಕ್ಕಳು ಓಡಿದವು. ಬಸವಣ್ಣೆಮ್ಮ ಮಾತ್ರ ನಿಂತಿದ್ದಳು, ಇನ್ನೇನೋ ಹೇಳಿಕಳಿಸಿದ್ದು ನೆನಪು ಮಾಡಿಕೊಳ್ಳುತ್ತ.

"ಹೊಸಾ ಹುಡುಗ್ರು ಬಂದಾರ. ನಾಳಿಗೆ ಉಸುಕು ಬೇಕಂತ, ಮಾಸ್ತರ್ರು ಹೇಳ್ಯಾರ."

ರಾಜಾಬೀ ಖಾಲಿಯಾದ ಮೂಲೆಯ ಕಡೆ ನೋಡಿದಳು. ಅಲ್ಲಿ ನೆಲದ ಮೇಲೆ ಬುಟ್ಟಿಯ ತಳದ ದುಂಡನೆಯ ಗುರುತು ಇನ್ನೂ ಇತ್ತು.

"ಬುಟ್ಟಿ ಇಲ್ಲವ್ವ," ಅಂದಳು. "ಬುಟ್ಟಿ ಶಾವಲಿ ಒಯ್ದಾನ."